ಒಳಕಲ್ಲು ತೀರ್ಥದ ನೀರು ಕೈಗೆ ಸಿಗದಿದ್ದರೆ

ದಕ್ಷಿಣಕಾಶಿ ಎಂದು ಹೆಸರಾದ ಶ್ರೀ ಕ್ಷೇತ್ರ ಶಿವಗಂಗೆಗೆ ಬರುವ ಭಕ್ತಾದಿಗಳು ಶ್ರೀ ಗಂಗಾಧರೇಶ್ವರ ಸ್ವಾಮಿ ಹಾಗೂ ಶ್ರೀ ಹೊನ್ನಾದೇವಿ ಅಮ್ಮನವರ ದರ್ಶನ ಮಾಡಿ, ಬೆಟ್ಟ ಹತ್ತುವಾಗ ಒಳಕಲ್ಲು ತೀರ್ಥದ ಬಳಿ ನಿಲ್ಲದೆ ಹೋಗುವುದಿಲ್ಲ. ದೊಡ್ಡ ಬಂಡೆಯ ಅಡಿಯಲ್ಲಿ ತಗ್ಗಿ ಒಳಗೆ ಹೋದರೆ, ಕಲ್ಲಿನಲ್ಲಿ ಒರಳಿನಂಥ ಕಿರಿದಾದ ಕುಳಿ. ನಮ್ಮ ಕಡೆ ಒರಳಿಗೆ ಒಳಕಲ್ಲು ಅಂತಲೇ ಅನ್ನುವುದರಿಂದ ಅದೇ ಹೆಸರು ತೀರ್ಥಕ್ಕೂ ಬಂದಿದೆ. ಕುಳಿಯೊಳಗೆ ಕೈ ಇಳಿಸಬೇಕು. ಪುಣ್ಯವಂತರಿಗೆ ನೀರು ಸಿಗುತ್ತದೆ, ಪಾಪ ಮಾಡಿದವರಿಗೆ ಸಿಗುವುದಿಲ್ಲ ಎಂಬ ಪ್ರತೀತಿ ಬಹಳ ಹಿಂದಿನಿಂದ ನಡೆದುಬಂದಿದೆ.

ನೀರು ಸಿಕ್ಕವರು ನಗುತ್ತಾ ಏಳುತ್ತಾರೆ. ಸಿಗದವರ ಗತಿ ಏನು? ಹಳ್ಳಿಯಿಂದ ಬಂದ ವಯಸ್ಸಾದ ತಾಯಿಯೊಬ್ಬಳು ಮಂಡಿ ಊರಿ, ಭುಜ ಕಲ್ಲಿಗೆ ತಾಗುವ ತನಕ ಕೈ ಇಳಿಸಿ, ಬರೀ ಬೆರಳು ಹಿಂದಕ್ಕೆ ತೆಗೆದುಕೊಂಡು “ನಾನೇನ್ ಪಾಪ ಮಾಡಿದ್ನೋ ಶಿವನೇ” ಎಂದು ಕಣ್ಣೊರೆಸಿಕೊಳ್ಳುವುದು ಅಪರೂಪವೇನಲ್ಲ. ಹಿಂದೆ ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಸೊಸೆ ತಮಾಷೆಗೆ ಒಂದು ಮಾತಂದರೂ ಆ ಮಾತು ಮನೆಯವರೆಗೂ ಬರುತ್ತದೆ, ವರ್ಷಗಟ್ಟಲೆ ಉಳಿಯುತ್ತದೆ. ಪುಣ್ಯ ಸಂಪಾದನೆಗೆ ಬಂದವರು ಪಾಪದ ಹೊರೆ ಹೊತ್ತು ಇಳಿಯುವಂತಾದರೆ ಅದನ್ನು ಯಾತ್ರೆ ಎನ್ನಬಹುದೇ? ಭಕ್ತಾದಿಗಳು ಸ್ವಲ್ಪ ಯೋಚಿಸಬೇಕಾದ ವಿಷಯವಿದು.

ಮೊದಲು ಕಣ್ಣಿಗೆ ಕಾಣುವ ಸಂಗತಿ ನೋಡೋಣ. ಬೆಟ್ಟದ ಮೇಲೆ ಬಿದ್ದ ಮಳೆನೀರು ಬಂಡೆಯ ಸಂದು, ಬಿರುಕುಗಳಲ್ಲಿ ಇಳಿದು ಇಂಥ ಕುಳಿಗಳಲ್ಲಿ ನಿಲ್ಲುತ್ತದೆ. ಒಳ್ಳೆ ಮಳೆಯಾದ ವರ್ಷ ನೀರು ಮೇಲಿರುತ್ತದೆ, ಬೇಸಿಗೆಯಲ್ಲಿ ಕೆಳಗೆ ಹೋಗುತ್ತದೆ. ಕೈ ಉದ್ದ ಇದ್ದವರಿಗೆ ಎಟಕುತ್ತದೆ, ಗಿಡ್ಡ ಇದ್ದವರಿಗೆ ಇಲ್ಲ. ಕೂರುವ ಭಂಗಿ ಸರಿಯಿದ್ದರೆ ಎರಡು ಬೆರಳಷ್ಟು ಆಳ ಹೆಚ್ಚು ಸಿಕ್ಕೀತು. ಮಂಡಿನೋವಿನವರು ಅಷ್ಟು ಬಗ್ಗಲಾರರು. ಐದು ವರ್ಷದ ಮಗುವಿಗೂ ನೀರು ಎಟಕುವುದಿಲ್ಲ. ಹಾಗಾದರೆ ಆ ಕೂಸು ಮಾಡಿದ ಪಾಪ ಯಾವುದು? ಶ್ರಾವಣದಲ್ಲಿ ಪುಣ್ಯವಂತನಾಗಿದ್ದವನು ಚೈತ್ರದಲ್ಲಿ ಪಾಪಿಯಾದನೇ?

ಇದಕ್ಕೆ ಹಿರಿಯರು ಕೊಡುವ ಉತ್ತರವೂ ಉಂಟು. ಅದನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಜನಕ್ಕೆ ಪಾಪದ ಭಯ ಬೇಡವೇ? ಕೋರ್ಟು ಕಚೇರಿಗೆ ಹೆದರದವನು ದೇವರಿಗಾದರೂ ಹೆದರಲಿ ಎಂದು ದೊಡ್ಡವರು ಇಂಥ ಮಾತು ಕಟ್ಟಿರುತ್ತಾರೆ. ಕೈ ಹಾಕುವ ಮೊದಲು ಮನುಷ್ಯ ಒಂದು ಗಳಿಗೆ ತಾನು ಮಾಡಿದ್ದನ್ನು ನೆನೆಸಿಕೊಂಡರೆ ಅಷ್ಟು ಸಾಕು ಎನ್ನುತ್ತಾರೆ. ಮಾತು ನಿಜವೇ. ಆದರೆ ಅಣ್ಣತಮ್ಮಂದಿರ ಜಮೀನು ನುಂಗಿದವನೊಬ್ಬ ಬಂದು ಕೈ ಹಾಕುತ್ತಾನೆ ಎಂದಿಟ್ಟುಕೊಳ್ಳಿ. ಆಳೆತ್ತರದ ಗಟ್ಟಿಮುಟ್ಟಾದ ಆಸಾಮಿ. ಅವನಿಗೆ ನೀರು ಸಿಕ್ಕೇ ಸಿಗುತ್ತದೆ. ಕೆಳಗಿಳಿದು ಊರಿಗೆ ಹೋಗಿ “ಗಂಗಮ್ಮನೇ ನನ್ನ ಕೈಗೆ ಬಂದವ್ಳೆ, ಇನ್ನು ಯಾರೇನು ನನ್ನ ಕೇಳೋದು” ಅಂದರೆ ಏನು ಮಾಡುವುದು? ಭಯ ಹುಟ್ಟಿಸಲು ಕಟ್ಟಿದ ಮಾತು ಅವನಿದ್ದ ಅಷ್ಟಿಷ್ಟು ಭಯವನ್ನೂ ತೆಗೆದುಹಾಕಿತು. ಅಳುತ್ತಾ ಇಳಿದವಳು ಮಾತ್ರ ಬಡಪಾಯಿ ತಾಯಿ. ಬಹುಶಃ ಜೀವಮಾನವೆಲ್ಲಾ ಇನ್ನೊಬ್ಬರ ಹೊಲದ ಕಡ್ಡಿ ಮುಟ್ಟಿದವಳಲ್ಲ.

ಇನ್ನೂ ಒಂದು ಮಾತು. ಇಲ್ಲಿರುವವಳು ಗಂಗೆ. ಅವಳು ಭೂಮಿಗೆ ಬಂದದ್ದಾದರೂ ಯಾತಕ್ಕೆ? ಸಗರನ ಮಕ್ಕಳು ಕುದುರೆ ಕದ್ದವನು ನೀನೇ ಎಂದು ತಪಸ್ಸಿನಲ್ಲಿದ್ದ ಕಪಿಲ ಮುನಿಗಳ ಮೇಲೆ ಏರಿಹೋಗಿ, ಅವರ ಕೋಪಕ್ಕೆ ಸುಟ್ಟು ಬೂದಿಯಾದರು. ನಿರಪರಾಧಿ ಋಷಿಯ ಮೇಲೆ ಕಳ್ಳತನ ಹೊರಿಸಿದವರು ಅವರು. ಅಂಥವರ ಸದ್ಗತಿಗಾಗಿಯೇ ಭಗೀರಥ ತಪಸ್ಸು ಮಾಡಿದ, ಅವರಿಗಾಗಿಯೇ ಗಂಗೆ ಇಳಿದಳು. ಶಿವ ಅವಳನ್ನು ಜಡೆಯಲ್ಲಿ ಧರಿಸಿ ಗಂಗಾಧರನಾದ. ಬೂದಿಯಾದವರ ಲೆಕ್ಕಪತ್ರ ನೋಡಿ ಅವಳು ಹಿಂದಕ್ಕೆ ಸರಿಯಲಿಲ್ಲ. ಪಾಪ ಕಂಡರೆ ಕೆಳಗಿಳಿದು ಅಡಗಿಕೊಳ್ಳುವ ನೀರಾದರೆ ಅದಕ್ಕೆ ಗಂಗೆಯ ಹೆಸರು ಒಪ್ಪುವುದು ಹೇಗೆ? ಪುಣ್ಯವಂತರಿಗೆ ಮಾತ್ರ ಸಿಗುವ ಗಂಗೆ ಎಂದರೆ ಆರೋಗ್ಯವಂತರಿಗೆ ಮಾತ್ರ ಮದ್ದು ಕೊಡುವ ಆಸ್ಪತ್ರೆ ಎಂದಂತಾಯಿತು.

ಹಾಗೆಂದು ಕ್ಷೇತ್ರದ ನಂಬಿಕೆಗಳೆಲ್ಲ ಬೇಡವೆಂದಲ್ಲ. ಎಲ್ಲವೂ ಒಂದೇ ಜಾತಿಯವಲ್ಲ. ಗಂಗಾಧರೇಶ್ವರ ಲಿಂಗಕ್ಕೆ ತುಪ್ಪದ ಅಭಿಷೇಕ ಮಾಡಿ ಉಜ್ಜಿದರೆ ಬೆಣ್ಣೆಯಾಗುವುದನ್ನು ಸಾವಿರಾರು ಜನ ಕಣ್ಣಾರೆ ಕಂಡಿದ್ದಾರೆ. ಗುಹೆಯ ತಂಪಿನಲ್ಲಿ, ತಣ್ಣಗಿನ ಕಲ್ಲಿನ ಮೇಲೆ, ನೀರಿನ ಪಸೆಯೊಡನೆ ಉಜ್ಜಿದಾಗ ತುಪ್ಪ ಗಟ್ಟಿಯಾಗಿ ಬೆಳ್ಳಗಾಗುತ್ತದೆ ಎಂದು ತಿಳಿದವರು ವಿವರಿಸುತ್ತಾರೆ. ಬೆಣ್ಣೆಯಲ್ಲಿದ್ದ ನೀರಿನಂಶ ಕಾಯಿಸಿ ತೆಗೆದರೆ ತಾನೇ ತುಪ್ಪ ಆಗುವುದು. ಕಾಯಿಸಿದ್ದು ಮತ್ತೆ ಹಿಂದಿನ ರೂಪಕ್ಕೆ ಹೊರಳುವುದನ್ನು ದೇವರ ಎದುರಿಗೆ ನೋಡಿ ಕೈಮುಗಿಯುವವನಿಗೆ ಆ ವಿವರಣೆಯಿಂದ ನಷ್ಟವೇನಿಲ್ಲ. ಈ ನಂಬಿಕೆ ಯಾರನ್ನೂ ಪಾಪಿ ಎನ್ನುವುದಿಲ್ಲ. ಒಂದೇ ಎಚ್ಚರ, ಆ ಬೆಣ್ಣೆ ಔಷಧಿ ಎಂದು ಮನೆಗೆ ಒಯ್ಯುವವರು ಡಾಕ್ಟರು ಬರೆದ ಮಾತ್ರೆ ನಿಲ್ಲಿಸಬಾರದು. ಪ್ರಸಾದವೂ ಇರಲಿ, ಮಾತ್ರೆಯೂ ಇರಲಿ.

ಇಲ್ಲಿಂದ ಬೆಂಗಳೂರಿನ ಗವಿಗಂಗಾಧರೇಶ್ವರ ದೇವಸ್ಥಾನಕ್ಕೆ ಸುರಂಗವಿದೆ ಎಂಬುದು ಹೇಳಿಕೆಯ ಮಾತು. ನಡೆದು ಹೋಗಿ ಬಂದವರಾರೂ ಇಲ್ಲ. ಆದರೆ ಅದೇ ಗವಿಪುರದಲ್ಲಿ ಮಕರ ಸಂಕ್ರಾಂತಿಯ ಸಂಜೆ ಸೂರ್ಯಕಿರಣ ನಂದಿಯ ಕೋಡುಗಳ ನಡುವೆ ಹಾದು ಲಿಂಗದ ಮೇಲೆ ಬೀಳುವುದು ಅಪ್ಪಟ ನಿಜ. ಡಿಸೆಂಬರ್ 21ರ ಆಸುಪಾಸಿಗೆ ಸೂರ್ಯ ದಕ್ಷಿಣದ ತುದಿ ಮುಟ್ಟಿ ತಿರುಗುತ್ತಾನೆ. ಅದಕ್ಕೆ 24 ದಿನ ಆಚೆ ಸಂಕ್ರಾಂತಿ, 24 ದಿನ ಈಚೆ ನವೆಂಬರ್ ಕೊನೆಯ ವಾರ. ಹಾಗಾಗಿ ಆ ವಾರದಲ್ಲೂ ಕಿರಣ ಹಾಗೇ ಬರುತ್ತದೆ. ಆಗ ನೂಕುನುಗ್ಗಲು ಇರುವುದಿಲ್ಲ, ಅಷ್ಟೇ!

ಬೆಟ್ಟದ ತುದಿಯ ವಿಚಾರ ಮಾತ್ರ ಒಳಕಲ್ಲಿನಂತೆಯೇ ಮನಸ್ಸಿಗೆ ನೋವು ತರುವಂಥದ್ದು. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲಾದೇವಿ ಗಂಡು ಸಂತಾನವಿಲ್ಲದ ಕೊರಗಿನಿಂದ ಇಲ್ಲಿಂದ ಹಾರಿದಳು ಎಂದು ಹೇಳಿ, ಆ ಜಾಗವನ್ನು ಶಾಂತಲಾ ಡ್ರಾಪ್ ಎಂದು ತೋರಿಸುತ್ತಾರೆ. ಆಕೆ ಶಿವಗಂಗೆಯಲ್ಲಿ ದೇಹ ಬಿಟ್ಟದ್ದು ನಿಜ. ಶಕ 1053, ಅಂದರೆ ಕ್ರಿ.ಶ. 1131ರಲ್ಲಿ ಎಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಹಾರಿದಳು ಎಂದು ಅದು ಹೇಳುವುದಿಲ್ಲ. ಮಗಳ ಅಗಲಿಕೆ ತಾಳದೆ ತಾಯಿ ಮಾಚಿಕಬ್ಬೆ ಶ್ರವಣಬೆಳಗೊಳದಲ್ಲಿ ಸಲ್ಲೇಖನ ವ್ರತದಿಂದ ದೇಹ ಬಿಟ್ಟಳೆಂಬುದು ಅದರಲ್ಲಿದೆ. ತಂದೆ ಮಾರಸಿಂಗಯ್ಯ ಶೈವ, ತಾಯಿ ಜೈನಧರ್ಮದವಳು. 1123ರಲ್ಲಿ ಸವತಿಗಂಧವಾರಣ ಬಸದಿ ಕಟ್ಟಿಸಿದ, ಗೀತ ನೃತ್ಯಗಳಲ್ಲಿ ನುರಿತ ಮಹಾರಾಣಿ ಶಾಂತಲೆ. ಅಂಥವಳನ್ನು ಮಕ್ಕಳಾಗದ್ದಕ್ಕೆ ಪ್ರಾಣ ಕಳೆದುಕೊಂಡವಳು ಎಂದಷ್ಟೇ ನೆನೆಯುವುದು ಸರಿಯೇ? ಮಕ್ಕಳಾಗಲಿಲ್ಲವೆಂದು ಹರಕೆ ಹೊತ್ತು ಬೆಟ್ಟ ಹತ್ತಿ ಬಂದ ಹೆಣ್ಣುಮಗಳು ಆ ತುದಿಯಲ್ಲಿ ನಿಂತು ಈ ಕಥೆ ಕೇಳುತ್ತಾಳೆ. ಅವಳ ಮನಸ್ಸಿಗೆ ಏನಾಗಬೇಡ? ಕಥೆ ಹೇಳುವವರು ಎದುರಿಗೆ ಯಾರಿದ್ದಾರೆ ನೋಡಿ ಹೇಳಬೇಕು. ಅವಳಿಗೆ ಬಸದಿಯ ವಿಷಯವನ್ನೂ ಹೇಳಬಹುದಲ್ಲ.

ಮತ್ತೆ ಒಳಕಲ್ಲಿಗೆ ಬರೋಣ. ಅಲ್ಲಿ ಕೈ ಹಾಕಬಾರದೆಂದು ಯಾರೂ ಹೇಳುವುದಿಲ್ಲ. ಕೈಬಳೆ, ಉಂಗುರ ಜೋಪಾನ ಮಾಡಿಕೊಂಡು, ಒಂದು ಮಗ್ಗುಲಾಗಿ ಕೂತು, ನಿಧಾನವಾಗಿ ತೋಳು ಇಳಿಸಬೇಕು. ಅವಸರ ಬೇಡ. ಎಟಕದಿದ್ದರೆ ಹಿಂದೆ ನಿಂತ ಉದ್ದ ತೋಳಿನ ಹುಡುಗನೊಬ್ಬ ಮುಂದೆ ಬಂದು, “ಸರ್ಕೊಳಿ ಅಜ್ಜಿ, ನಾ ತೆಕ್ಕೊಡ್ತೀನಿ” ಎಂದು ಒಂದು ಬೊಗಸೆ ನೀರು ತೆಗೆದು ಆ ತಾಯಿಯ ತಲೆಯ ಮೇಲೆ ಹಾಕಲಿ. ಆ ನೀರೂ ಗಂಗೆಯೇ.