ಚಿನ್ನದ ಎರಡು ದೃಷ್ಟಾಂತಗಳು

ಒಡವೆಗಳು ಹಲವಾದರೂ ಚಿನ್ನ ಒಂದೇ ಎಂಬ ದೃಷ್ಟಾಂತ ವೇದಾಂತದಲ್ಲಿ ಬಹಳ ಹಳೆಯದು. ಛಾಂದೋಗ್ಯೋಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಉದ್ದಾಲಕ ಆರುಣಿಯು ಮಗ ಶ್ವೇತಕೇತುವಿಗೆ ಮಣ್ಣು, ಲೋಹ, ಕಬ್ಬಿಣಗಳನ್ನು ಮುಂದಿಟ್ಟು, ಕಾರಣವನ್ನು ಅರಿತರೆ ಕಾರ್ಯವೆಲ್ಲವನ್ನೂ ಅರಿತಂತೆ ಎಂದು ಬೋಧಿಸುವಲ್ಲಿ, ಶಂಕರರ ಭಾಷ್ಯವು ಆ ಲೋಹವನ್ನು ಚಿನ್ನದ ಗಟ್ಟಿಯೆಂದು ವಿವರಿಸುತ್ತದೆ. ಬಳೆ, ಕಿರೀಟಗಳೆಂಬ ವಿಕಾರಗಳು ಮಾತಿನ ಆಸರೆಯಲ್ಲಿ ನಿಂತ ಹೆಸರುಗಳಷ್ಟೆ, ಸತ್ಯವಾದದ್ದು ಚಿನ್ನ ಮಾತ್ರ ಎಂಬುದು ಅಲ್ಲಿಯ ನಿಲುವು. ಅಜ್ಜಂಪುರ, ತರೀಕೆರೆ, ಕಡೂರುಗಳಿರುವ ಚಿಕ್ಕಮಗಳೂರು ಜಿಲ್ಲೆಯಲ್ಲಿಯೇ ಶೃಂಗೇರಿಯ ಪೀಠವೂ ಇರುವುದರಿಂದ ಈ ದೃಷ್ಟಾಂತ ಇಲ್ಲಿಯವರ ಕಿವಿಗೆ ಹೊಸದಲ್ಲ. ಆದರೆ ರೂಪವು ನಿಜಕ್ಕೂ ಹೆಸರು ಮಾತ್ರವೇ ಎಂಬ ಪ್ರಶ್ನೆಯನ್ನು ಇಂದಿನ ಭೌತವಿಜ್ಞಾನ ಚಿನ್ನದಿಂದಲೇ ಮತ್ತೆ ಎಬ್ಬಿಸಿದೆ.

ನ್ಯಾನೋಮೀಟರ್ ಎಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ. ಸುಮಾರು 20 ನ್ಯಾನೋಮೀಟರ್ ಅಗಲದ ಚಿನ್ನದ ಕಣಗಳು ನೀರಿನಲ್ಲಿ ಹರಡಿಕೊಂಡಾಗ ಆ ನೀರು ಹಳದಿಯಾಗಿರದೆ ಮಾಣಿಕ್ಯದಂತೆ ಕೆಂಪಾಗಿ ಕಾಣುತ್ತದೆ. ಇದನ್ನು ಮೈಕೆಲ್ ಫ್ಯಾರಡೆ 1857ರಲ್ಲಿ ಕ್ರಮಬದ್ಧವಾಗಿ ಪರೀಕ್ಷಿಸಿದನು, 1908ರಲ್ಲಿ ಗುಸ್ತಾವ್ ಮೀ ಅದಕ್ಕೆ ಗಣಿತದ ವಿವರಣೆ ಕೊಟ್ಟನು. ಲೋಹದೊಳಗೆ ಬಿಡುವಾಗಿ ಓಡಾಡುವ ಎಲೆಕ್ಟ್ರಾನುಗಳು ಬೆಳಕಿನ ಅಲೆ ತಾಕಿದೊಡನೆ ಒಟ್ಟಾಗಿ ತೂಗಾಡುತ್ತವೆ, ಈ ಸಾಮೂಹಿಕ ಆಂದೋಲನಕ್ಕೆ ಪ್ಲಾಸ್ಮಾನ್ ಎಂದು ಹೆಸರು. ತಕ್ಕ ಹೊತ್ತಿಗೆ ತಳ್ಳಿದ ಉಯ್ಯಾಲೆ ಎತ್ತರಕ್ಕೇರುವಂತೆ, ಕಣದ ಗಾತ್ರಕ್ಕೂ ಆಕಾರಕ್ಕೂ ಹೊಂದುವ ಅಲೆಯುದ್ದದ ಬೆಳಕನ್ನು ಕಣವು ಬಲವಾಗಿ ಹೀರುತ್ತದೆ. ಗುಂಡಗಿನ ಕಣ 520 ನ್ಯಾನೋಮೀಟರಿನ ಆಸುಪಾಸಿನ ಹಸಿರನ್ನು ಹೀರಿದರೆ, ಅದೇ ಚಿನ್ನವನ್ನು ನೀಳವಾದ ಕಡ್ಡಿಯಾಗಿಸಿದಾಗ ಹೀರಿಕೆ ಕಣ್ಣಿಗೆ ಕಾಣದ ಅವಕೆಂಪಿನವರೆಗೂ ಸರಿಯುತ್ತದೆ; ಎರಡು ಕಣಗಳು ಹತ್ತಿರ ಸರಿದರೆ ಕೆಂಪು ನೇರಳೆಗೆ ತಿರುಗುತ್ತದೆ, ಅವುಗಳ ನಡುವಿನ ಒಂದೆರಡು ನ್ಯಾನೋಮೀಟರ್ ಸಂದಿಯಲ್ಲಿ, ಸಾಮಾನ್ಯ ಮಸೂರದಿಂದ ಎಂದಿಗೂ ಸಾಧ್ಯವಾಗದಷ್ಟು ಇಕ್ಕಟ್ಟಿನಲ್ಲಿ, ಬೆಳಕು ಒತ್ತಟ್ಟಾಗಿ ನಿಲ್ಲುತ್ತದೆ. 1928ರ ಮಾರ್ಚ್ 16ರಂದು ಸಿ. ವಿ. ರಾಮನ್ ಬೆಂಗಳೂರಿನಲ್ಲಿ ಉಪನ್ಯಾಸ ಕೊಟ್ಟು ಸಾರಿದ ಹೊಸ ವಿಕಿರಣವು, ಎಂದರೆ ಅಣುಗಳು ಬಣ್ಣ ಬದಲಿಸಿ ಚೆದುರಿಸುವ ಬೆಳಕು, ಅತಿ ಕ್ಷೀಣವಾದದ್ದು. ಅಂಥ ಸಂದಿಗಳಲ್ಲಿ ಸಿಲುಕಿದ ಅಣುಗಳಿಂದ ಅದು ಲಕ್ಷಾಂತರ ಪಟ್ಟು ಹೆಚ್ಚಾಗಿ ಹೊಮ್ಮುತ್ತದೆ.

ಇಲ್ಲಿ ದ್ರವ್ಯ ಬದಲಾಗಿಲ್ಲ, ಬದಲಾದದ್ದು ಆಕಾರ ಮತ್ತು ಅಂತರ ಮಾತ್ರ. ವೇದಾಂತಿಯು ಇದಕ್ಕೆ ಕೊಡುವ ಸಮಾಧಾನ ದುರ್ಬಲವಾದದ್ದೇನಲ್ಲ: ಅವನು ಅಲ್ಲಗಳೆಯುವುದು ಚಿನ್ನವನ್ನು ಬಿಟ್ಟು ಒಡವೆಗೆ ಸ್ವತಂತ್ರವಾದ ಇರವಿದೆ ಎಂಬುದನ್ನೇ ಹೊರತು, ವ್ಯವಹಾರದಲ್ಲಿ ಒಡವೆ ಮಾಡುವ ಕೆಲಸವನ್ನಲ್ಲ. ಆದರೂ ಗಟ್ಟಿಯನ್ನು ಎಷ್ಟು ದಿಟ್ಟಿಸಿ ನೋಡಿದರೂ ಅದರಿಂದ ಈ ಕೆಂಪನ್ನು ಊಹಿಸಲಾಗುವುದಿಲ್ಲವೆಂಬುದು ದೃಷ್ಟಾಂತಕ್ಕೆ ತಗಲುವ ನಿಜವಾದ ತೊಡಕು. ನ್ಯಾಯವೈಶೇಷಿಕರು ಚಿನ್ನವನ್ನು ತೇಜಸ್ಸಿನ ವರ್ಗಕ್ಕೆ ಸೇರಿಸಿದ್ದುಂಟು. ಅದನ್ನೇ ಹಿಡಿದು ಪೂರ್ವಿಕರಿಗೆ ಈ ವಿಜ್ಞಾನ ತಿಳಿದಿತ್ತೆಂದು ಹೇಳುವುದು ಅವರ ವಾದಕ್ಕೇ ಅನ್ಯಾಯ ಮಾಡಿದಂತೆ, ಏಕೆಂದರೆ ಎಷ್ಟು ಕಾಯಿಸಿದರೂ ಚಿನ್ನದ ದ್ರವತ್ವ ನಾಶವಾಗದೆಂಬುದು ಅವರ ಹೇತುವಾಗಿತ್ತು.

ಜೈನ ದರ್ಶನದಲ್ಲಿಯೂ ಚಿನ್ನದ ಒಂದು ದೃಷ್ಟಾಂತವಿದೆ, ಅದು ಪ್ರವಚನಗಳಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ಸಮಂತಭದ್ರರ ಆಪ್ತಮೀಮಾಂಸೆಯಲ್ಲಿ ಚಿನ್ನದ ಕೊಡವನ್ನು ಕರಗಿಸಿ ಕಿರೀಟ ಮಾಡಿದಾಗ ಕೊಡ ಬೇಕಿದ್ದವನು ದುಃಖಿಸುತ್ತಾನೆ, ಕಿರೀಟ ಬೇಕಿದ್ದವನು ಹಿಗ್ಗುತ್ತಾನೆ, ಚಿನ್ನ ಬೇಕಿದ್ದವನು ಮಧ್ಯಸ್ಥನಾಗಿರುತ್ತಾನೆ. ಮೂವರ ಭಾವಕ್ಕೂ ವಸ್ತುವಿನಲ್ಲಿಯೇ ಕಾರಣವಿದೆ. ಹುಟ್ಟು, ಅಳಿವು, ಸ್ಥಿರತೆ ಮೂರೂ ಕೂಡಿದ್ದೇ ಸತ್ತು ಎಂಬ ಈ ಮತದಲ್ಲಿ ಪರ್ಯಾಯ, ಎಂದರೆ ದ್ರವ್ಯ ತಾಳುವ ಅವಸ್ಥೆ, ದ್ರವ್ಯದಷ್ಟೇ ದಿಟ. ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ 1196ರಲ್ಲಿ ಕಟ್ಟಿಸಿದ ಅಮೃತೇಶ್ವರನ ಗುಡಿಗೆ ಶಾಸನ ಬರೆದ ಜನ್ನ ಈ ಮತದವನೇ ಆಗಿದ್ದನು. ಶಿವಾಲಯದ ಅಂಗಳದಲ್ಲಿ ಜೈನಕವಿಯ ಪದ್ಯಗಳು ನಿಂತ ಈ ಸೀಮೆಯಲ್ಲಿ ಎರಡು ದೃಷ್ಟಾಂತಗಳನ್ನೂ ಒಟ್ಟಿಗಿಟ್ಟು ತೂಗುವುದು ಅಸಂಗತವೇನಲ್ಲ. ಹಾಗೆ ತೂಗಿದರೆ ನ್ಯಾನೋ ಚಿನ್ನ ಸಮಂತಭದ್ರರ ಕಡೆಗೇ ಹೆಚ್ಚು ವಾಲುತ್ತದೆ.

ಆದರೆ ಆ ಮಧ್ಯಸ್ಥನ ನೆಲೆಯೂ ಅಷ್ಟು ಸುಲಭವಾಗಿ ಉಳಿಯುವುದಿಲ್ಲ. ಸುಮಾರು 2 ನ್ಯಾನೋಮೀಟರಿಗಿಂತ ಕಿರಿದಾದ ಕಣಗಳಲ್ಲಿ ಪ್ಲಾಸ್ಮಾನೇ ಇಲ್ಲವಾಗಿ, ಹತ್ತಾರು ಪರಮಾಣುಗಳ ಗೊಂಚಲು ಲೋಹವೆನಿಸದೆ ಅಣುವಿನಂತೆ ವರ್ತಿಸತೊಡಗುತ್ತದೆ. ಹೊಳಪು, ವಾಹಕತೆ, ಹಳದಿ ಯಾವುದೂ ಅಲ್ಲಿರದು. ಉಳಿಯುವುದು 79 ಪ್ರೋಟಾನುಗಳ ಬೀಜಕೇಂದ್ರ. ಚಿನ್ನ ಬೇಕಿದ್ದವನು ಅದನ್ನು ತನ್ನ ಚಿನ್ನವೆಂದು ಒಪ್ಪುವನೇ ಎಂಬುದನ್ನು ದ್ರವ್ಯದ ಸ್ಥಿರತೆಯನ್ನು ಸಾಧಿಸುವ ದರ್ಶನಗಳೆಲ್ಲವೂ ಇನ್ನು ಹೊಸದಾಗಿ ವಿಚಾರಿಸಬೇಕಾಗಿದೆ.