ಪ್ರಯಾಣಕ್ಕೆ ಮುಂಚಿನ ಲೆಕ್ಕ

ಹಜ್ಜ್ ಯಾತ್ರೆಗೆ ಹೊರಟವನನ್ನು ನಾವು ಕೆಲವು ಪ್ರಶ್ನೆಗಳನ್ನು ಕೇಳುತ್ತೇವೆ. ಸಾಲವೆಲ್ಲ ತೀರಿತೇ? ಮರಳಿ ಬರುವ ತನಕ ಮನೆಖರ್ಚಿಗೆ ಏನು ಏರ್ಪಾಡು? ಯಾರೊಂದಿಗಾದರೂ ಮನಸ್ತಾಪವಿದ್ದರೆ ಕ್ಷಮೆ ಕೇಳಿಕೊಂಡದ್ದಾಯಿತೇ? ಅವಲಂಬಿತರ ಜೀವನಾಂಶಕ್ಕೆ ತೆಗೆದಿಟ್ಟ ಬಳಿಕವೂ ಹಣ ಮಿಕ್ಕಿದರೆ ಮಾತ್ರ ಹಜ್ಜ್ ಕಡ್ಡಾಯವೆಂದು ಕರ್ಮಶಾಸ್ತ್ರ ವಿದ್ವಾಂಸರು ಹೇಳಿದ್ದಾರೆ. ಆದರೆ ಎರಡು ವರ್ಷದ ಕರಾರಿಗೆ ಸಹಿ ಹಾಕಿ ದುಬೈಗೋ ರಿಯಾದಿಗೋ ಹೊರಡುವ ಯುವಕನನ್ನು ಈ ಪ್ರಶ್ನೆಗಳನ್ನು ಕೇಳುವವರಿಲ್ಲ. ನಲುವತ್ತು ದಿನಗಳ ಪ್ರಯಾಣಕ್ಕಿರುವ ಶರತ್ತು ಎರಡು ವರ್ಷದ ಪ್ರಯಾಣಕ್ಕೆ ಏಕಿಲ್ಲ?

'ಅಲ್ಲಾಹನ ಮೇಲೆ ಭಾರ ಹಾಕಿ ಹೋಗುತ್ತಿದ್ದೇನೆ' ಎಂಬುದು ಸಾಮಾನ್ಯವಾಗಿ ಸಿಗುವ ಉತ್ತರ. ಮಾತು ಸುಂದರವಾಗಿದೆ. ಆದರೆ ಅಲ್ಲಾಹನ ಮೇಲೆ ಎಲ್ಲರಿಗಿಂತ ಹೆಚ್ಚು ಭರವಸೆಯಿಟ್ಟಿದ್ದವರು ಮಕ್ಕಾದಿಂದ ಹೊರಟ ರೀತಿಯನ್ನು ನೋಡಿರಿ. ಹ. ಅಬೂಬಕರ್(ರ) ಎರಡು ಒಂಟೆಗಳನ್ನು ನಾಲ್ಕು ತಿಂಗಳು ಮೇವು ಹಾಕಿ ಸಾಕಿ ಸಜ್ಜುಗೊಳಿಸಿದ್ದರು. ದಾರಿ ಬಲ್ಲವನೊಬ್ಬನನ್ನು ಕೂಲಿ ಕೊಟ್ಟು ಗೊತ್ತು ಮಾಡಲಾಗಿತ್ತು. ಅವನು ಮುಸ್ಲಿಮನಾಗಿರಲಿಲ್ಲ, ದಾರಿ ಬಲ್ಲವನಾಗಿದ್ದ, ಅಷ್ಟು ಸಾಕಾಯಿತು. ಮದೀನಾ ಉತ್ತರಕ್ಕಿದ್ದರೂ ಅವರು ತಂಗಿದ್ದು ದಕ್ಷಿಣದ ಸೌರ್ ಗುಹೆಯಲ್ಲಿ, ಮೂರು ರಾತ್ರಿ. ಇದಕ್ಕಿಂತಲೂ ಮುಖ್ಯವಾದುದು ಇನ್ನೊಂದಿದೆ. ಜನರು ಪ್ರವಾದಿವರ್ಯರ(ಸ) ಬಳಿ ಇರಿಸಿದ್ದ ಅಮಾನತ್ತುಗಳನ್ನು ಒಡೆಯರಿಗೆ ಒಪ್ಪಿಸಲಿಕ್ಕಾಗಿ ಹ. ಅಲೀ(ರ) ಹಿಂದೆ ಉಳಿದರು. ಪ್ರಾಣ ತೆಗೆಯಲು ಹೊಂಚು ಹಾಕಿದ್ದ ಊರಿನವರ ಅಮಾನತ್ತುಗಳವು. ಜೀವಕ್ಕೇ ಅಪಾಯವಿದ್ದ ರಾತ್ರಿಯಲ್ಲೂ ಆ ಲೆಕ್ಕವನ್ನು ಬಾಕಿ ಬಿಟ್ಟು ಹೋಗಲಿಲ್ಲ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಅದೇ ಪ್ರಯಾಣದಲ್ಲಿ ಅಬೂಬಕರ್(ರ) ತಮ್ಮಲ್ಲಿದ್ದ ಹಣವನ್ನೆಲ್ಲ ಕೊಂಡೊಯ್ದರಲ್ಲವೇ? ದೃಷ್ಟಿ ಕಳಕೊಂಡಿದ್ದ ಅಜ್ಜನ ಸಮಾಧಾನಕ್ಕೆಂದು ಮಗಳು ಅಸ್ಮಾ(ರ) ಗೂಡಿನಲ್ಲಿ ಕಲ್ಲುಗಳನ್ನಿಟ್ಟು ಬಟ್ಟೆ ಮುಚ್ಚಿ, ಅವರ ಕೈಯನ್ನು ಅದರ ಮೇಲೆ ಇರಿಸಿದರೆಂದು ಚರಿತ್ರೆಕಾರರು ಬರೆದಿದ್ದಾರೆ. ನಿಜ. ಆದರೆ ಅದು ಸತ್ಯಧರ್ಮದ ಅಳಿವು ಉಳಿವಿನ ಹೊತ್ತು. ಆ ಮನೆಯವರೂ ಆ ತ್ಯಾಗದಲ್ಲಿ ಮನಸಾರೆ ಪಾಲುದಾರರಾಗಿದ್ದರು. ಸಂಬಳ ಅರಸಿ ಹೋಗುವ ನಾವು ಆ ಘಟನೆಯನ್ನು ನಮ್ಮ ಅಜಾಗ್ರತೆಗೆ ಪುರಾವೆಯಾಗಿ ಬಳಸುವುದು ಸಲ್ಲದು. ಅಂದು ಕಲ್ಲುಗಳನ್ನು ಇರಿಸಿದವರು ಮಗಳು. ಇಂದು 'ಎಲ್ಲ ಏರ್ಪಾಡು ಮಾಡಿದ್ದೇನೆ' ಎಂದು ಕಲ್ಲಿನ ಮೇಲೆ ಬಟ್ಟೆ ಹೊದಿಸುವವನು ಹೊರಡುವವನೇ.

ಮನಸಾರೆ ಎಂಬ ಮಾತು ಬಂತು. ನಮ್ಮ ಕರಾವಳಿಯಲ್ಲಿ ವೀಸಾದ ಹಣ ಹೆಚ್ಚಾಗಿ ಬರುವುದು ಹೆಂಡತಿಯ ಕೊರಳಿನಿಂದ. ಮಹ್ರ್ ಅವಳ ಸ್ವಂತ ಸೊತ್ತು. ಸ್ವಸಂತೋಷದಿಂದ ಬಿಟ್ಟುಕೊಟ್ಟರೆ ಮಾತ್ರ ಗಂಡ ಅನುಭವಿಸಬಹುದೆಂದು ಕುರ್‌ಆನ್ ಅನ್ನಿಸಾ ಅಧ್ಯಾಯದಲ್ಲಿ ವಿಧಿಸಿದೆ. ಟಿಕೇಟು ಬಂದಾಗಿದೆ, ನಾಳೆ ಏಜೆಂಟನಿಗೆ ಹಣ ಕಟ್ಟಬೇಕು, ಅತ್ತೆ ಮಾವ ಎದುರಿಗೆ ಕುಳಿತಿದ್ದಾರೆ. ಆಗ ಅವಳು ತೆಗೆದುಕೊಡುವ ಬಳೆಯನ್ನು ಸ್ವಸಂತೋಷದ್ದೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಕೇಳುವುದಾದರೆ ಮೊದಲೇ, ಏಕಾಂತದಲ್ಲಿ, 'ಬೇಡ' ಎನ್ನಲು ಅವಕಾಶವಿರುವಂತೆ ಕೇಳಬೇಕು. ಸಾಲವೆಂದು ಪಡೆದರೆ ತೂಕ, ವಾಯಿದೆ ಸಹಿತ ಬರೆದು ಸಾಕ್ಷಿ ಹಾಕಿಸಬೇಕು. ಕುರ್‌ಆನಿನ ಅತಿ ದೀರ್ಘ ಸೂಕ್ತವಾದ ಅಲ್‌ಬಕರದ 282ನೆಯದು ಸಾಲಪತ್ರದ ಕುರಿತೇ ಇದೆ. ಸಾಲಗಾರ ಗಂಡನಾದರೆ ವಿನಾಯಿತಿ ಎಂದು ಅದರಲ್ಲಿಲ್ಲ. ಆ ಚಿನ್ನ ಬಡ್ಡಿಯ ಅಡವಿಗೆ ಹೋಗುವುದಂತೂ ಇನ್ನೊಂದು ಅನಾಹುತ. ಧರ್ಮಸಮ್ಮತ ಸಂಪಾದನೆಗೆಂದು ಹೊರಟವನ ಮೊದಲ ಹೆಜ್ಜೆಯೇ ನಿಷಿದ್ಧದ ಮೇಲೆ ಬೀಳುತ್ತದೆ.

ಒಂದು ಸರಳ ಲೆಕ್ಕ ಹಾಕೋಣ. ಒಂದೂವರೆ ಲಕ್ಷ ಸಾಲ ಮಾಡಿ ಹೋದವನು ತನ್ನ ಊಟ, ವಸತಿ ಕಳೆದು ತಿಂಗಳಿಗೆ 15 ಸಾವಿರ ಉಳಿಸುತ್ತಾನೆ ಎನ್ನಿ. ಮೊದಲ ಹತ್ತು ತಿಂಗಳ ಉಳಿತಾಯ ಸಾಲಕ್ಕೇ ಹೋಯಿತು. ಆ ಹತ್ತು ತಿಂಗಳು ಮನೆಯವರು ಏನನ್ನು ಉಣ್ಣಬೇಕು? ಉಣಿಸಬೇಕಾದವರನ್ನು ಕಡೆಗಣಿಸುವುದೇ ಮನುಷ್ಯನಿಗೆ ಸಾಕಷ್ಟು ದೊಡ್ಡ ಪಾಪವೆಂಬುದು ಪ್ರವಾದಿವರ್ಯರ(ಸ) ಎಚ್ಚರಿಕೆ. ಕೆಲವು ತಿಂಗಳ ಮನೆಖರ್ಚನ್ನು ಕೂಡಿಡಲಾಗದಿದ್ದರೆ ಪ್ರಯಾಣವನ್ನೇ ಅಷ್ಟು ಮುಂದೂಡುವುದು ಲೇಸು. 1990ರಲ್ಲಿ ಕುವೈತ್‌ನಿಂದ ಉಟ್ಟ ಬಟ್ಟೆಯಲ್ಲಿ ಮರಳಿದವರನ್ನೂ 2020ರಲ್ಲಿ ಕೆಲಸ ಕಳಕೊಂಡು ಬಂದವರನ್ನೂ ಕಂಡಿದ್ದೇವೆ.

ತಿಳಿದುಕೊಂಡರೆ ಸಾಲವೇ ಬೇಕಾಗದಿರಲೂಬಹುದು. ನೇಮಕಾತಿಯ ವೆಚ್ಚವನ್ನು ಕಾರ್ಮಿಕನಿಂದ ವಸೂಲು ಮಾಡುವುದನ್ನು ಯುಎಇಯ 2021ರ ಕಾರ್ಮಿಕ ಕಾನೂನು ನಿಷೇಧಿಸಿದೆ. ಏಜೆಂಟನಿಗೆ ಪರವಾನಗಿ ಇದೆಯೇ ಎಂಬುದನ್ನು ಭಾರತ ಸರಕಾರದ ಇ-ಮೈಗ್ರೇಟ್ ವ್ಯವಸ್ಥೆಯಲ್ಲಿ ನೋಡಬಹುದು. 'ಫ್ರೀ ವೀಸಾ' ಎಂಬುದಕ್ಕೆ ಎಲ್ಲಕ್ಕಿಂತ ಹೆಚ್ಚು ಬೆಲೆ ತೆರಬೇಕಾಗುತ್ತದೆಂದು ಹೋಗಿ ಬಂದವರಿಗೆಲ್ಲ ಗೊತ್ತು. ಕರಾರು, ಪಾಸ್‌ಪೋರ್ಟ್, ವಿಮಾಪತ್ರಗಳ ಪ್ರತಿ ಮನೆಯಲ್ಲಿರಲಿ. ಕೊಡಬೇಕಾದ, ಬರಬೇಕಾದ ಹಣದ ಪಟ್ಟಿಯೂ ವಸಿಯ್ಯತ್ತೂ ಅದರೊಂದಿಗಿರಲಿ. ಹುತಾತ್ಮನಿಗೂ ಸಾಲವೊಂದು ಮನ್ನಾ ಆಗುವುದಿಲ್ಲವೆಂದು ಸಹೀಹ್ ಮುಸ್ಲಿಮ್‌ನಲ್ಲಿದೆ.

ಹಣದಿಂದ ತೀರದ ಒಂದು ಬಾಕಿ ಇದೆ. ರಣರಂಗಕ್ಕೆ ಹೋದ ಗಂಡನ ಅಗಲಿಕೆಯಲ್ಲಿ ಪರಿತಪಿಸುತ್ತಿದ್ದ ಹೆಣ್ಣಿನ ದನಿಯನ್ನು ಖಲೀಫ ಉಮರ್(ರ) ಒಂದು ರಾತ್ರಿ ಕೇಳಿದರು. ಮಗಳು ಹಫ್ಸಾರನ್ನು(ರ) ವಿಚಾರಿಸಿ, ಸೈನಿಕರು ಮನೆಯಿಂದ ದೂರವಿರಬಹುದಾದ ಅವಧಿಗೆ ಮಿತಿ ಹಾಕಿದರು. ನಾಲ್ಕು ತಿಂಗಳೆಂದು ಕೆಲವು ವರದಿ, ಆರೆಂದು ಕೆಲವು. ನಮ್ಮ ಕರಾರಿನ ರಜೆಯ ಕಲಮು ಎರಡು ವರ್ಷವೆನ್ನುತ್ತದೆ. ಸಹಿ ಹಾಕುವ ಮೊದಲು ಆ ಕಲಮನ್ನು ಹೆಂಡತಿಗೆ ಓದಿ ಹೇಳಿ, ಅವಳ ಉತ್ತರಕ್ಕೆ ಕಾದವರು ನಮ್ಮಲ್ಲಿ ಎಷ್ಟು ಮಂದಿ?