ಋಷಿಮೂಲ, ನದಿಮೂಲ, ಮನೆಮೂಲ

ಮನೆತನದ ಚರಿತ್ರೆ ಬರೆಯಲು ಕೂತವರ ಕಿವಿಗೆ ಯಾರಾದರೊಬ್ಬ ಹಿರಿಯರು ಈ ಗಾದೆಯನ್ನು ಹಾಕಿಯೇ ಹಾಕುತ್ತಾರೆ: ಋಷಿಮೂಲ, ನದಿಮೂಲ ಹುಡುಕಬಾರದು. ಸಾಮಾನ್ಯವಾಗಿ ಹಳೆಯ ಕಾಗದಪತ್ರಗಳ ಕಟ್ಟು ಬಿಚ್ಚುವ ಹೊತ್ತಿಗೆ. ನದಿಮೂಲದ ವಿಷಯದಲ್ಲಿ ನಾವು ಇದನ್ನು ಪಾಲಿಸಿದವರೇ ಅಲ್ಲ ಬಿಡಿ. ಪ್ರತಿ ತುಲಾ ಸಂಕ್ರಮಣಕ್ಕೆ ತಲಕಾವೇರಿಯ ಕುಂಡಿಕೆಯ ಸುತ್ತ ಕಾಲಿಡಲು ಜಾಗವಿರುವುದಿಲ್ಲ.

ಋಷಿಮೂಲವನ್ನಾದರೂ ಮುಚ್ಚಿಟ್ಟರೇ? ವ್ಯಾಸರ ಹುಟ್ಟು ನಮಗೆ ತಿಳಿದದ್ದೇ ಮಹಾಭಾರತದಿಂದ. ದೋಣಿ ನಡೆಸುವ ಬೆಸ್ತರ ಹುಡುಗಿ ಸತ್ಯವತಿ, ಹೊಳೆ ದಾಟಲು ಬಂದ ಪರಾಶರ, ಯಮುನೆಯ ನಡುಗಡ್ಡೆ, ಮದುವೆಗೆ ಮುಂಚಿನ ಮಗು. ಆ ಮಗುವೇ ಮುಂದೆ ನಿಯೋಗದಿಂದ ಧೃತರಾಷ್ಟ್ರ, ಪಾಂಡುಗಳನ್ನು ಪಡೆದು, ಮೊಮ್ಮಕ್ಕಳ ಕಾದಾಟವನ್ನೂ ತಾನೇ ಹೇಳಿದ. ಮನೆಕಥೆ ಬರೆಯುವವರಿಗೆ ಇದಕ್ಕಿಂತ ಮೇಲ್ಪಂಕ್ತಿ ಬೇಕೆ? ಮೂಲ ಕೆದಕಿ ಇಂದಿನ ಮನುಷ್ಯನಿಗೆ ಬೆಲೆ ಕಟ್ಟುವ ಚಾಳಿಗೆ ಗಾದೆ ಅಡ್ಡ ನಿಲ್ಲುತ್ತದೆ ಅಷ್ಟೆ. ತಾತ ಜೋಡಿದಾರನೆಂದು ಮೀಸೆ ತಿರುವುವವನಿಗೂ ಅದೇ ಬುದ್ಧಿಮಾತು ಸಲ್ಲುತ್ತದೆ. ಅವನಿಗೆ ಮಾತ್ರ ಯಾರೂ ಹೇಳುವುದಿಲ್ಲ.

ಮೂಲದ ಕಥೆ ಬೆಳೆಯುವ ಬಗೆ ನೋಡಬೇಕಾದರೆ ಕದಂಬರನ್ನು ನೋಡಿ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನ ಐದನೆಯ ಶತಮಾನದ್ದು, ಕವಿ ಕುಬ್ಜನದು. ಅದರಲ್ಲಿ ಮಯೂರಶರ್ಮ ಓದಲೆಂದು ಕಂಚಿಗೆ ಹೋದ ಬ್ರಾಹ್ಮಣ; ಪಲ್ಲವರ ಸವಾರನೊಡನೆ ಜಗಳವಾಗಿ ಕತ್ತಿ ಹಿಡಿದ. ಮನೆಯ ಬಳಿ ಕದಂಬದ ಮರವಿತ್ತು, ಕುಲಕ್ಕೆ ಆ ಹೆಸರು ಬಂತು. ಹನ್ನೆರಡನೆಯ ಶತಮಾನದ ಗೋವೆಯ ಕದಂಬರ ಶಾಸನಕ್ಕೆ ಬರುವಷ್ಟರಲ್ಲಿ ಕದಂಬ ಮರದ ಬುಡದಲ್ಲಿ ಶಿವನ ಹಣೆಯ ಬೆವರ ಹನಿ ಬಿದ್ದು, ಮೂರು ಕಣ್ಣು ನಾಲ್ಕು ತೋಳಿನ ಮೂಲಪುರುಷನೇ ಹುಟ್ಟಿಬಿಟ್ಟಿದ್ದಾನೆ. ಎರಡನೆಯದು ಸುಳ್ಳೆಂದು ಎಸೆಯಬೇಕಿಲ್ಲ. ಗೋವೆಯ ಅರಸರು ತಮ್ಮನ್ನು ಹೇಗೆ ಕಾಣಿಸಬಯಸಿದ್ದರು ಎಂಬುದಕ್ಕೆ ಅದೇ ಸಾಕ್ಷಿ. ನಮ್ಮ ಮನೆಗಳ ಹುಲಿ ಹೊಡೆದ ಅಜ್ಜನನ್ನೂ ಹೀಗೆಯೇ ಉಳಿಸಿಕೊಳ್ಳಬಹುದು, ಆ ಮಾತು ಯಾರು, ಎಂದು ಹೇಳಿದ್ದೆಂದು ಜೊತೆಗೆ ಬರೆದು. ಹೆಳವರು ಓದಿ ಹೇಳುವ ವಂಶಾವಳಿಗೂ ಅಷ್ಟೆ. ಯಾವ ಊರಿಂದ ಯಾವ ಊರಿಗೆ ಬಂದರು ಎಂಬುದಕ್ಕೆ ಅವರ ಹೊತ್ತಗೆ ಬಲು ಉಪಯುಕ್ತ. ಹೊಗಳಿಕೆ ಬಂದಾಗ, ಕಾಳು ಅಳೆದು ಕೊಡುವವರು ಮನೆಯವರೇ ಎಂಬುದು ನೆನಪಿರಲಿ.

ಕಷ್ಟ ಇರುವುದು ಕಾಗದ ಬೇರೆ ಹೇಳಿದಾಗ. 1876–78ರ ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ ಹಳೆ ಮೈಸೂರಿನ ಅನುಕೂಲಸ್ಥರ ಮನೆಯ ಕಥೆಯೆಂದರೆ ಮುತ್ತಜ್ಜ ಕಣಜ ತೆರೆದು ಗಂಜಿ ಹಾಕಿಸಿದ್ದೇ. ಹಾಕಿಸಿರಲೂಬಹುದು. ಆದರೆ ಅದೇ ಎರಡು ವರ್ಷಗಳಲ್ಲಿ ಅಕ್ಕಪಕ್ಕದ ಹೊಲಗಳು ಆ ಮನೆಯ ಹೆಸರಿಗೆ ಬಂದ ಕ್ರಯಪತ್ರ ಟ್ರಂಕಿನ ತಳದಲ್ಲಿ ಸಿಕ್ಕರೆ? ಎರಡನ್ನೂ ಬರೆಯಬೇಕು: ಗಂಜಿಯ ಮಾತು ಯಾರ ಬಾಯಿಂದ ಬಂತು, ಪತ್ರದ ತಾರೀಕು, ಕೊಟ್ಟವನ ಹೆಸರು, ಎಷ್ಟು ರೂಪಾಯಿಗೆ. ಮುತ್ತಜ್ಜ ಬಡವರ ರಕ್ತ ಹೀರಿದನೆಂದು ಸೇರಿಸುವುದೂ ತಪ್ಪು, ಪತ್ರ ಅದನ್ನು ಹೇಳುವುದಿಲ್ಲ. ಇನ್ನೊಂದು ತೊಡಕು: ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳುತ್ತದೆ. 1936–37 ಕೂಡ ಧಾತುವೇ. ಬಾಯಿಮಾತಿನಲ್ಲಿ ಬಂದ ‘ಧಾತು ವರ್ಷದ ಪುಣ್ಯ’ ಮುತ್ತಜ್ಜನದೋ, ಅಜ್ಜನದೋ?

‘ಮನೆಮಗನ ಹಾಗಿದ್ದ’ ಎಂದು ನಾವು ಬರೆಯುವ ಆಳು ಸಾಲಕ್ಕಾಗಿ ಜೀತಕ್ಕಿದ್ದವನೇ ಎಂಬುದನ್ನು ಅವನ ಮನೆಯವರನ್ನೇ ಕೇಳಬೇಕು. ಜೀತ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ. ಬಲ್ಲವರು ಇನ್ನೂ ಇದ್ದಾರೆ. ನಮ್ಮ ಅಜ್ಜನ ಬಗ್ಗೆ ಅವರ ಜಗಲಿಯಲ್ಲಿ ಬೇರೆಯೇ ಮಾತು ನಡೆದಿರುತ್ತದೆ. ಅದಕ್ಕೂ ಪುಸ್ತಕದಲ್ಲಿ ಒಂದೆರಡು ಪುಟ ಬಿಡಬೇಕು, ಅವರು ಒಪ್ಪಿದರೆ ಅವರ ಹೆಸರಿನೊಂದಿಗೇ.